ಅಳತೆಯ ಪಾಠಕ್ಕೆ ಬಿಸಿಯೂಟದ ತಕ್ಕಡಿ

2003ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಕಲಿಕಾ ಸಮೀಕ್ಷೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಚಿತ್ರ ಕೊಟ್ಟಿದ್ದರು. ಸ್ಕೇಲಿನ ಮೇಲೆ ಒಂದು ಹಲ್ಲುಕಡ್ಡಿ. ಅದರ ಒಂದು ತುದಿ 8 ಇಂಚಿನ ಗೆರೆಗೆ, ಇನ್ನೊಂದು ಹತ್ತೂವರೆಗೆ ತಾಗಿತ್ತು. ಕಡ್ಡಿ ಎಷ್ಟು ಉದ್ದ? ಎರಡೂವರೆ ಇಂಚು ಎಂದವರು ಕಡಿಮೆ. ಕೆಲವರು ಹತ್ತೂವರೆ ಎಂದರು. ಇನ್ನು ಎಷ್ಟೋ ಮಕ್ಕಳು 8, 9, 10 ಎಂದು ಗೆರೆಗಳನ್ನೇ ಎಣಿಸಿ ಮೂರೂವರೆ ಎಂದರು. ಗೆರೆಗಳ ನಡುವಿನ ಜಾಗವೇ ಉದ್ದ ಎಂಬುದು ಆ ಮಕ್ಕಳಿಗೆ ಹೊಳೆದಿರಲಿಲ್ಲ.

ಕರ್ನಾಟಕದ ತರಗತಿಯಲ್ಲೂ ತುದಿ ಮುರಿದ ಸ್ಕೇಲು ಕೊಟ್ಟು ಪೆನ್ಸಿಲ್ ಅಳೆಯಲು ಹೇಳಿ ನೋಡಬೇಕು. ಮಕ್ಕಳು ತಡವರಿಸಿದರೆ ಅಚ್ಚರಿಯಿಲ್ಲ. ಹತ್ತು ಮಿಲಿಮೀಟರಿಗೆ ಒಂದು ಸೆಂಟಿಮೀಟರ್, ನೂರು ಸೆಂಟಿಮೀಟರಿಗೆ ಒಂದು ಮೀಟರ್ ಎಂಬ ಬಾಯಿಪಾಠದಿಂದಲೇ ಅಳತೆಯ ಪಾಠ ಶುರುವಾದರೆ ಮಗುವಿನ ಕೈಗೆ ಕೆಲಸವೇ ಸಿಗುವುದಿಲ್ಲ. ಕೋಷ್ಟಕ ಆಮೇಲೆ ಬರಲಿ. ಮೊದಲು ಅಂದಾಜು, ಆಮೇಲೆ ಅಳೆಯುವುದು, ಆಮೇಲೆ ಲೆಕ್ಕ.

ಇದಕ್ಕೆ ಬೇಕಾದ ಪ್ರಯೋಗಶಾಲೆ ಸರ್ಕಾರಿ ಶಾಲೆಗಳಲ್ಲಿ ಆಗಲೇ ಇದೆ. ಅದು ಬಿಸಿಯೂಟದ ಅಡುಗೆ ಕೋಣೆ. ಪ್ರಾಥಮಿಕ ಹಂತದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ನಿಗದಿಯಾದ ಪ್ರಮಾಣ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ಒಂದು ಮಗುವಿಗೆ 150 ಮಿಲಿ ಹಾಲು. ಹಾಜರಿ ಕರೆದಾಗ 42 ಮಕ್ಕಳಿದ್ದರೆ ಅಕ್ಕಿ 4 ಕಿಲೋ 200 ಗ್ರಾಂ, ಬೇಳೆ 840 ಗ್ರಾಂ, ಹಾಲು 6 ಲೀಟರ್ 300 ಮಿಲಿ. ನಾಳೆ ಮೂವರು ಬರದಿದ್ದರೆ ಲೆಕ್ಕವೆಲ್ಲ ಬದಲಾಗುತ್ತದೆ. ದಿನಕ್ಕೊಂದು ಹೊಸ ಲೆಕ್ಕ, ಅದೂ ತಾವೇ ಉಣ್ಣುವ ಅನ್ನದ್ದು.

ಒಲೆ ಹಚ್ಚುವ ಮುನ್ನ ನಾಲ್ಕೈದು ಮಕ್ಕಳು ತಕ್ಕಡಿಯ ಮುಂದೆ ಕೂತರೆ ಸಾಕು. ಮೊದಲ ದಿನ ಬಟ್ಟುಗಳನ್ನು ಮುಟ್ಟುವುದೇ ಬೇಡ. ಎಷ್ಟು ಹಿಡಿ ಅಕ್ಕಿಯಾದರೆ ಒಬ್ಬರಿಗೆ ಸಾಕು ಎಂದು ಮಕ್ಕಳು ಹೇಳಲಿ, ಅಳೆದು ಹಾಕಲಿ. ಒಂದನೇ ತರಗತಿಯ ಪುಟ್ಟಿಯ ಹಿಡಿಗೂ ಅಡುಗೆಯಮ್ಮನ ಹಿಡಿಗೂ ತಾಳೆಯಾಗುವುದಿಲ್ಲ. ಯಾರ ಹಿಡಿಯನ್ನು ನಂಬುವುದು ಎಂಬ ಜಗಳ ಅಲ್ಲೇ ಹುಟ್ಟುತ್ತದೆ, ಹುಟ್ಟಬೇಕು. ಎಲ್ಲರೂ ಒಪ್ಪುವ ಒಂದು ತೂಕ ಏಕೆ ಬೇಕು ಎಂಬುದನ್ನು ಆ ಜಗಳದಷ್ಟು ಚೆನ್ನಾಗಿ ಯಾವ ಪಾಠವೂ ಕಲಿಸಲಾರದು. ದೇಶವೂ ಅದೇ ದಾರಿಯಲ್ಲಿ ಬಂದಿದೆ. ಸೇರು, ಬಳ್ಳ, ಕೊಳಗಗಳು ಊರಿಂದೂರಿಗೆ ಬದಲಾಗುತ್ತಿದ್ದ ಕಾಲದಲ್ಲಿ 1956ರ ಕಾಯ್ದೆ ಬಂತು, 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಮಾರುಕಟ್ಟೆಗೆ ಇಳಿಯಿತು.

ತಕ್ಕಡಿಯ ಬಗ್ಗೆ ಒಂದು ಮಾತು. ಎಲೆಕ್ಟ್ರಾನಿಕ್ ತಕ್ಕಡಿ ಅಂಕಿಯನ್ನಷ್ಟೇ ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಸಮ, ಹೆಚ್ಚು, ಕಡಿಮೆ ಮೂರೂ ಕಣ್ಣೆದುರೇ ನಡೆಯುತ್ತವೆ. ಚಿಕ್ಕ ಮಕ್ಕಳಿಗೆ ಮೊದಲು ಇದೇ ಸಿಗಬೇಕು.

ಅಡುಗೆ ಕೋಣೆಯಿಂದ ಮೈದಾನಕ್ಕೆ ಬಂದರೆ ವಿಸ್ತೀರ್ಣ ಕಾದಿರುತ್ತದೆ. ಉದ್ದ, ಅಗಲ ಗುಣಿಸು ಎಂಬ ಸೂತ್ರ ಐದನೇ ತರಗತಿಯವರ ನಾಲಿಗೆಯ ಮೇಲಿದ್ದರೂ ನೂರು ಚದರ ಮೀಟರ್ ಎಂದರೆ ಎಷ್ಟು ನೆಲ ಎಂಬುದು ಕಣ್ಣಿಗೆ ಕಟ್ಟಿರುವುದಿಲ್ಲ. ಅದೇ ಮಕ್ಕಳು ಮನೆಯಲ್ಲಿ ಗುಂಟೆ, ಎಕರೆ, ಮೂವತ್ತು ನಲವತ್ತರ ಸೈಟು ಎಂಬ ಮಾತುಗಳನ್ನು ದಿನವೂ ಕೇಳುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 33 ಅಡಿ ಎಂದರೆ ಹತ್ತು ಮೀಟರಿನ ಮೇಲೆ ಆರು ಸೆಂಟಿಮೀಟರ್. ಹಾಗಾಗಿ 40 ಮೀಟರ್ ಹಗ್ಗವನ್ನು ನಾಲ್ಕು ಮೂಲೆಗೆ ಹಿಡಿದು ಚೌಕ ಮಾಡಿದರೆ ಹೆಚ್ಚುಕಡಿಮೆ ಒಂದು ಗುಂಟೆ ಮಕ್ಕಳ ಕಾಲ ಕೆಳಗೆ ಬಂತು. ಸೈಟಿನ 1,200 ಚದರ ಅಡಿಗಿಂತ ಅದು ತುಸು ಚಿಕ್ಕದು ಎಂದು ಅವರೇ ಕಂಡುಕೊಳ್ಳಬಲ್ಲರು. ಬಳಿಕ ಅದೇ ಹಗ್ಗವನ್ನು 15 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಎಳೆಯಲಿ. ಸುತ್ತಳತೆ ಅಷ್ಟೇ ಇದ್ದರೂ ಒಳಗಿನ ನೆಲ 75 ಚದರ ಮೀಟರಿಗೆ ಇಳಿಯುತ್ತದೆ. ಸುತ್ತಳತೆ, ವಿಸ್ತೀರ್ಣಗಳನ್ನು ಕಲಸಿಕೊಳ್ಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಅನೇಕ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ನಡೆಯುತ್ತವೆ. ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು ತಂದು ಮಾರುತ್ತಾರೆ, ಅಪ್ಪ ಅಮ್ಮ ಬಂದು ಚೌಕಾಸಿ ಮಾಡುತ್ತಾರೆ. ಅದು ನಿಜವಾದ ಕಲಿಕೆಯೇ. ಆದರೆ ಮೇಳ ಮುಗಿದ ಮರುದಿನ ತಕ್ಕಡಿ ಮತ್ತೆ ಬೀರು ಸೇರಿ ಬೀಗ ಬಿದ್ದರೆ ಉಳಿಯುವುದು ಫೋಟೊ ಮಾತ್ರ.

ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಕಡೆ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿದ್ದಾರೆ. ಆ ಕಷ್ಟ ನಿಜ. ಆದರೂ 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಪದ್ಧತಿ ಅಂಥ ಕೊಠಡಿಗಳಲ್ಲೇ ಮಕ್ಕಳ ಕೈಗೆ ಕೆಲಸ ಕೊಟ್ಟು ತೋರಿಸಿತು. ತೂಗುವ ಕೆಲಸಕ್ಕೆ ಬೆಳಗಿನ ಹತ್ತು ನಿಮಿಷ ಸಾಕು. ದೊಡ್ಡ ಮಕ್ಕಳು ಚಿಕ್ಕವರಿಗೆ ತೋರಿಸಿಕೊಡುತ್ತಾರೆ.

ಬದಲಾಗಬೇಕಾದ್ದು ಪರೀಕ್ಷೆ. ಪ್ರಶ್ನೆಪತ್ರಿಕೆ ಕೇಳದ್ದನ್ನು ತರಗತಿಯಲ್ಲಿ ಮಾಡಿಸಲು ಶಿಕ್ಷಕರು ಹಿಂಜರಿಯುವುದು ಸಹಜ. ನಾಲ್ಕು, ಐದನೇ ತರಗತಿಯ ಗಣಿತದ ಮೌಲ್ಯಮಾಪನದಲ್ಲಿ ಹತ್ತು ಅಂಕಗಳನ್ನಾದರೂ ಕೈಕೆಲಸಕ್ಕೆ ಮೀಸಲಿಡಬೇಕು. ತುದಿ ಮುರಿದ ಸ್ಕೇಲು, ಗುರುತಿಲ್ಲದ ಒಂದು ಲೋಟ, ಒಂದು ಪೊಟ್ಟಣ ಕಡಲೆಬೇಳೆ ಮೇಜಿನ ಮೇಲಿರಲಿ. ಮಗು ಮೊದಲು ಅಂದಾಜು ಬರೆಯಲಿ, ಬಳಿಕ ಅಳೆದು ಎರಡರ ನಡುವಿನ ಅಂತರ ಬರೆಯಲಿ. ಅಂಕ ಕೊಡುವಾಗ ಉತ್ತರದ ಜೊತೆಗೆ ಮಗು ಅಳೆದ ರೀತಿಯನ್ನೂ ನೋಡಬೇಕು.