ಸೀಮೆಸುಣ್ಣದ ಹೆಸರು, ಕರಿಯ ಕಲ್ಲು

ಪುಣೆಯ ಜಂಗ್ಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆಯನ್ನು ಎಂಟನೇ ಶತಮಾನದಲ್ಲಿ ಕೊರೆದದ್ದು ಕರಿಯ ಬಸಾಲ್ಟ್ ಬಂಡೆಯಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರಿಟೇಶಿಯಸ್ ಮುಗಿಯುವ ಹೊತ್ತಿನ ಆಚೀಚೆ ಉಕ್ಕಿ ಹರಿದ ಲಾವಾ ಅದು. ಆದರೆ ಆ ಕಾಲದ ಹೆಸರಿನ ಮೂಲ ಲ್ಯಾಟಿನ್ನಿನ ‘ಕ್ರೀಟಾ’, ಅಂದರೆ ಸೀಮೆಸುಣ್ಣ! 1822ರಲ್ಲಿ ಬೆಲ್ಜಿಯಂನ ದೊಮಾಲಿಯುಸ್ ದಾಲ್ವಾ ಪ್ಯಾರಿಸ್ ಸುತ್ತಲಿನ ಬಿಳಿಯ ಪದರಗಳನ್ನು ನೋಡಿ ಇಟ್ಟದ್ದು. ನಮ್ಮ ದಖನ್ನಿನ ಬಂಡೆಗೆ ಈ ಬಿಳಿ ಹೆಸರು ಯಾಕೆ ಬೇಕು ಎಂದು ನನಗೂ ಅನ್ನಿಸಿದ್ದುಂಟು.

ಹಾಗೆಂದು ಅದನ್ನು ‘ಸೀಮೆಸುಣ್ಣದ ಯುಗ’ ಎಂದು ಕನ್ನಡಕ್ಕೆ ತಂದರೆ ಇನ್ನೂ ಕೆಡುತ್ತದೆ. ಓದುವ ಮಗು ಆಗ ಭೂಮಿಯೆಲ್ಲ ಬೆಳ್ಳಗಿತ್ತು ಎಂದುಕೊಳ್ಳುತ್ತದೆ. ಹೆಸರು ಬಂದದ್ದು ಕಲ್ಲಿನಿಂದ, ಈಗ ಅದು ಹೇಳುವುದು ಕಾಲವನ್ನು ಮಾತ್ರ. ‘ಯುಗ’ವೂ ಸರಿಹೋಗದು: ಪುರಾಣದ ಕಲಿಯುಗಕ್ಕೆ 4,32,000 ವರ್ಷ, ಕ್ರಿಟೇಶಿಯಸ್ ನಡೆದದ್ದು ಸುಮಾರು 7.9 ಕೋಟಿ ವರ್ಷ.

ಕ್ರಿಟೇಶಿಯಸ್ ಕ್ರಿಟೇಶಿಯಸ್ಸಾಗಿಯೇ ಇರಲಿ. (‘ಸೀಮೆ’ಸುಣ್ಣವೂ ಹೊರಗಿನಿಂದ ಬಂದದ್ದೇ ತಾನೆ?) ಆದರೆ ಪಠ್ಯಪುಸ್ತಕದಲ್ಲಿ ಆ ಪದದ ಪಕ್ಕ ಪ್ಯಾರಿಸ್ಸಿನ ಬಿಳಿ ಪದರದ ಚಿತ್ರವೊಂದನ್ನೇ ಹಾಕಬೇಡಿ. ಅದೇ ಗಡಿಕಾಲದ ಪಾತಾಳೇಶ್ವರದ ಕರಿಗಂಬವನ್ನೂ ಹಾಕಿ.