ಹೋಟೆಲ್ ರುಚಿ ಬೇಕು, ಡಬ್ಬಿ ಬಣ್ಣ ಬೇಡ

ಭಾನುವಾರ ಬಂತು ಅಂದರೆ ಚಿಕ್ಕಬಳ್ಳಾಪುರದ ದಿನಸಿ ಅಂಗಡಿಗಳಲ್ಲಿ ಈಗ ಒಂದು ಹೊಸ ಕೇಳಿಕೆ. ‘ಮಂಗಳೂರು ಕಡೆ ಹೋಟೆಲಿನಲ್ಲಿ ಮೀನಿಗೆ ಹಚ್ತಾರಲ್ಲ, ಕೆಂಪಗೆ, ಆ ಮಸಾಲೆ ಕೊಡಿ ಅಣ್ಣ’ ಅನ್ನುತ್ತಾರೆ ಗಿರಾಕಿಗಳು. ಅಂಗಡಿಯವರು ಒಂದು ಪ್ಯಾಕೆಟ್ ಮಸಾಲೆ ಎತ್ತಿಕೊಡುತ್ತಾರೆ. ಜೊತೆಗೆ, ಕೇಳಿದರೆ, ಒಂದು ಪುಟ್ಟ ಡಬ್ಬಿ ಕೇಸರಿ ಬಣ್ಣ. ಮನೆಗೆ ಹೋಗಿ ಮಾಡಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಮುಂದಿನ ವಾರ ಬಣ್ಣ ಎರಡು ಚಿಟಿಕೆ ಜಾಸ್ತಿ ಬೀಳುತ್ತದೆ. ರುಚಿ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಆಸೆಯಲ್ಲಿ ತಪ್ಪೇನಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ದಿನ ಬೆಳಗಾದರೆ ಬಸ್ ಹತ್ತಿ ಬೆಂಗಳೂರಿಗೆ ಹೋಗಿಬರುವವರು ಎಷ್ಟು ಮಂದಿ! ಸಂಬಳದ ದಿನ ಅಲ್ಲೊಂದು ಕರಾವಳಿ ಹೋಟೆಲಿಗೆ ನುಗ್ಗಿ ಅಂಜಲ್ ಫ್ರೈಯೋ ಸಿಗಡಿ ಘೀ ರೋಸ್ಟೋ ತಿಂದವರ ನಾಲಿಗೆಗೆ ಆ ಮಸಾಲೆ ಅಂಟಿಕೊಳ್ಳುತ್ತದೆ. ಸಂಸಾರ ಸಮೇತ ವಾರವಾರ ಹೋಗಿ ತಿನ್ನುವಷ್ಟು ಜೇಬು ಎಲ್ಲರಿಗೂ ಇಲ್ಲ. ‘ಮನೇಲೇ ಮಾಡೋಣ ಬಿಡಿ’ ಅನ್ನುವುದು ಜಾಣತನವೇ. ಆದರೆ ಹೋಟೆಲಿನಿಂದ ಏನನ್ನು ಮನೆಗೆ ತರಬೇಕು, ಏನನ್ನು ಅಲ್ಲೇ ಬಿಟ್ಟು ಬರಬೇಕು ಎಂಬ ವಿವೇಕ ಬೇಕಲ್ಲ?

ಬಿಟ್ಟು ಬರಬೇಕಾದ್ದು ಮೊದಲು ಬಣ್ಣ. 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕೋಳಿ, ಮೀನು, ತರಕಾರಿ ಕಬಾಬುಗಳಿಗೂ ನಿಷೇಧ ಬಂತು. ಆಗ ಪರೀಕ್ಷೆ ಮಾಡಿದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂದಿತ್ತು. ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಬಣ್ಣಗಳು. ‘ಐಸ್‌ಕ್ರೀಮ್‌ಗೆ, ಮಿಠಾಯಿಗೆ ಹಾಕ್ತಾರಲ್ಲ, ಮೀನಿಗೆ ಹಾಕಿದರೆ ಏನು?’ ಎಂದು ಕೇಳುವವರಿದ್ದಾರೆ. ಕೆಲವು ಸಿಹಿ ಪದಾರ್ಥಗಳಿಗೆ ಅಳತೆ ಗೊತ್ತುಮಾಡಿ ಕಾನೂನು ಬಿಟ್ಟಿದೆ, ನಿಜ. ಮೀನು ಮಾಂಸದ ಅಡಿಗೆಗೆ ಬಿಟ್ಟಿಲ್ಲ. ಹೋಟೆಲಿನವನು ಹಾಕಿದರೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಅದೇ ಬಣ್ಣವನ್ನು ತಾಯಿಯೇ ಅಂಗಡಿಯಿಂದ ತಂದು ಮಕ್ಕಳ ತಟ್ಟೆಗೆ ಬೆರಳಲ್ಲಿ ಅಂದಾಜು ಮಾಡಿ ಹಾಕಿದರೆ ಕೇಳುವವರು ಯಾರು? ಹೋಟೆಲಿಗೆ ಇನ್‌ಸ್ಪೆಕ್ಟರ್ ಬಂದಾನು, ಅಡಿಗೆಮನೆಗೆ ಬರುತ್ತಾನೆಯೆ?

ಅಸಲಿ ಕೆಂಪು ಎಲ್ಲಿದೆ?

ಘೀ ರೋಸ್ಟ್ ಎಂದರೆ ಕುಂದಾಪುರ. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಕೋಳಿಯಿಂದ ಶುರುವಾದದ್ದು ಎಂದು ಜನ ಹೇಳುವ ಈ ಅಡಿಗೆ ಆಮೇಲೆ ಸಿಗಡಿಗೆ, ಏಡಿಗೆ, ಅಂಜಲ್‌ಗೆ ಹಬ್ಬಿತು. ಈಗ ಊರೂರಿಗೆ ಅದರ ನಕಲು. ಆ ಕೆಂಪು ಡಬ್ಬಿಯಿಂದ ಬಂದದ್ದಲ್ಲ, ಬ್ಯಾಡಗಿ ಮೆಣಸಿನಕಾಯಿಯಿಂದ ಬಂದದ್ದು. ಹಾವೇರಿ ಜಿಲ್ಲೆಯ ಈ ಸುಕ್ಕು ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಮ್ಮಿ, ಬಣ್ಣ ಜಾಸ್ತಿ. ಇದರಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್‌ಗೂ ಹೋಗುತ್ತದೆ ಎಂದರೆ ಇನ್ನು ಮೀನಿಗೆ ಸಾಲದೆ?

ನಮ್ಮ ನಾಲ್ಕು ತಾಲ್ಲೂಕಿನ ಮನೆಗಳಲ್ಲಿ ನಡೆಯುವ ಮೊದಲ ಎಡವಟ್ಟು ಇಲ್ಲೇ. ಆಂಧ್ರದ ಗಡಿ ಪಕ್ಕದಲ್ಲೇ ಇದೆ, ಗುಂಟೂರು ಕಡೆಯ ಮೆಣಸಿನಕಾಯಿ ಕೈಗೆ ಸುಲಭವಾಗಿ ಸಿಗುತ್ತದೆ. ಅದು ಖಾರದ ರಾಜ, ಬಣ್ಣದ ವಿಷಯದಲ್ಲಿ ಬ್ಯಾಡಗಿಗೆ ಸಮವಲ್ಲ. ಕೆಂಪಾಗಲಿ ಎಂದು ಅದನ್ನೇ ಇಪ್ಪತ್ತು ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ, ಬಣ್ಣ ಬರುವುದಿಲ್ಲ. ಆಗ ಡಬ್ಬಿ ನೆನಪಾಗುತ್ತದೆ.

ಎರಡನೆಯದು ಜಿಪುಣತನ. ಮೆಣಸಿನಕಾಯಿಯ ಕೆಂಪು ನೀರಿಗೆ ಬಿಡುವುದಿಲ್ಲ, ಜಿಡ್ಡಿಗೆ ಬಿಡುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಮಸಾಲೆ ತಿರುವಿ ಒಂದು ಲೋಟ ನೀರು ಹೊಯ್ದರೆ ಅದು ಸಾರಾಗುತ್ತದೆ, ರೋಸ್ಟ್ ಆಗುವುದಿಲ್ಲ. ಹೆಸರಲ್ಲೇ ತುಪ್ಪ ಇದೆಯಲ್ಲ ಸ್ವಾಮಿ!

ಮೂರನೆಯದು ಅವಸರ. ಹೋಟೆಲಿನವರು ಮಸಾಲೆಯನ್ನು ಮೊದಲೇ ಹುರಿದು ಇಟ್ಟಿರುತ್ತಾರೆ, ಅದು ಕೂತು ಒಂದಾಗಿರುತ್ತದೆ. ಗಿರಾಕಿ ಬಂದಾಗ ಜೋರು ಉರಿಯಲ್ಲಿ ತಿರುವಿ ಕೊಡುತ್ತಾರೆ. ಮನೆಯಲ್ಲಿ ಅರೆದದ್ದು, ಹುರಿದದ್ದು, ತಿಂದದ್ದು ಎಲ್ಲ ಒಂದೇ ಗಂಟೆಯಲ್ಲಿ. ಹಸಿ ವಾಸನೆ ಹೋಗುವುದು ಹೇಗೆ?

ಹೋಟೆಲಿನ ಅಸಲಿ ಅಳತೆ ಹೋಟೆಲಿನವರಿಗೇ ಗೊತ್ತು. ಆದರೆ ಮನೆಗೆ ಸಾಕಾಗುವ ಲೆಕ್ಕ ಗುಟ್ಟೇನಲ್ಲ. ಅರ್ಧ ಕೆಜಿ ಸುಲಿದ ಸಿಗಡಿಗೆ ಬ್ಯಾಡಗಿ ಮೆಣಸಿನಕಾಯಿ 12ರಿಂದ 15, ದೊಡ್ಡ ಚಮಚದಲ್ಲಿ ಒಂದು ಧನಿಯಾ, ಸಣ್ಣ ಚಮಚದಲ್ಲಿ ಅರ್ಧ ಜೀರಿಗೆ, ಒಂದು ಕರಿಮೆಣಸು, ಕಾಲು ಮೆಂತ್ಯ. ಸಣ್ಣ ಉರಿಯಲ್ಲಿ ಒಂದೊಂದಾಗಿ ಹುರಿಯಬೇಕು. ಮೆಂತ್ಯ ಕಪ್ಪಾಯಿತೋ, ಎಲ್ಲ ಕಹಿ. ಮೆಣಸಿನಕಾಯಿಯನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಏಳೆಂಟು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು ಸೇರಿಸಿ, ನೀರು ಆದಷ್ಟು ಕಮ್ಮಿ ಹಾಕಿ ನುಣ್ಣಗೆ ಅರೆಯಬೇಕು. ನಾಲ್ಕು ದೊಡ್ಡ ಚಮಚ ತುಪ್ಪದಲ್ಲಿ, ತುಪ್ಪ ಬಿಟ್ಟು ಅಂಚಿಗೆ ಬರುವ ತನಕ ಬಾಡಿಸಬೇಕು. ಉಪ್ಪು, ಚೂರು ಬೆಲ್ಲ, ಕರಿಬೇವು. ಸಿಗಡಿ ಕೊನೆಗೆ, ನಾಲ್ಕೈದು ನಿಮಿಷ, ಅಷ್ಟೇ. ಹತ್ತು ನಿಮಿಷ ಬಿಟ್ಟರೆ ರಬ್ಬರ್. ಈ ಮಸಾಲೆಯನ್ನು ಹಿಂದಿನ ದಿನವೇ ಮಾಡಿ ತಣ್ಣಗೆ ಇಟ್ಟುಕೊಂಡರೆ ಇನ್ನೂ ಮೇಲು.

ಇದರಲ್ಲಿ ಬಣ್ಣದ ಡಬ್ಬಿಗೆ ಜಾಗ ಎಲ್ಲಿದೆ ಹೇಳಿ?

ಮಸಾಲೆಯ ಗುಟ್ಟು ಕಾಯುವುದು ಇಲ್ಲಿಯ ಹೋಟೆಲಿನವರಷ್ಟೇ ಅಲ್ಲ. ಇಂಗ್ಲೆಂಡಿನ ವೂಸ್ಟರ್ ಊರಿನ ಲೀ ಅಂಡ್ ಪೆರಿನ್ಸ್ ಕಂಪನಿ 1837ರಿಂದ ಒಂದು ಸಾಸ್ ಮಾರುತ್ತಿದೆ. ಲೋಕವೆಲ್ಲ ಅದನ್ನು ನಕಲು ಮಾಡಲು ನೋಡಿದೆ. ಅದರೊಳಗೆ ಇರುವುದು ವಿನೆಗರ್, ಕಾಕಂಬಿ, ಉಪ್ಪಿನಲ್ಲಿ ಹಾಕಿದ ಸಣ್ಣ ಮೀನು, ಜೊತೆಗೆ ಹುಣಸೆಹಣ್ಣು! ಚಿಂತಾಮಣಿ ಮಾರುಕಟ್ಟೆಯಲ್ಲಿ ಮೂಟೆಗಟ್ಟಲೆ ಬೀಳುವ ಹುಣಸೆಯ ಹುಳಿಯನ್ನೇ ಇಂಗ್ಲಿಷರು ಶೀಶೆಗೆ ತುಂಬಿ ಗುಟ್ಟು ಅನ್ನುತ್ತಾರೆ. ಹುಣಸೆ ಗುಡ್ಡೆಯ ಪಕ್ಕದಲ್ಲೇ ಕೂತ ನಮ್ಮವರು ಪ್ಯಾಕೆಟ್ ಹುಡುಕುತ್ತಾರೆ.

ಕೆರೆ ಮೀನಿಗೆ ಕಡಲ ಮಸಾಲೆ ಯಾಕೆ?

ಇನ್ನೊಂದು ಮಾತು. ಕಡಲಿನ ಮೀನು ಈ ಜಿಲ್ಲೆಗೆ ಬರುವುದು ಐಸ್ ಪೆಟ್ಟಿಗೆಯಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವದ ಕಡಲಲ್ಲಿ ಏಪ್ರಿಲ್ 15ರಿಂದ ಜೂನ್ 14ರ ತನಕ ನಿಷೇಧ. ಆ ದಿನಗಳಲ್ಲಿ ‘ಫ್ರೆಶ್ ಅಂಜಲ್’ ಅಂದರೆ ಎರಡು ಸಲ ಕಿವಿರು ಎತ್ತಿ ನೋಡುವುದು ಒಳ್ಳೆಯದು. ಇಲ್ಲಿ ಬಹುಪಾಲು ಮನೆಗಳ ಪಾತ್ರೆಗೆ ಬೀಳುವುದು ಕೆರೆಯ ಕಾಟ್ಲಾ, ರೋಹು, ಜಿಲೇಬಿ ಮೀನು.

ಕೆರೆ ಮೀನಿನ ಗುಣವೇ ಬೇರೆ. ಕಡಲ ಮೀನಿನದು ಕವುಲು ವಾಸನೆ, ಕೆರೆ ಮೀನಿನದು ಮಣ್ಣಿನ ವಾಸನೆ. ನೀರಿನಲ್ಲಿರುವ ಪಾಚಿ ಮತ್ತು ಸೂಕ್ಷ್ಮಾಣುಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಕೊಬ್ಬಿನಲ್ಲಿ ಸೇರಿ ಹಾಗಾಗುತ್ತದೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯೂ ಅದರದೇ. ಇದನ್ನು ಮುರಿಯುವುದು ಹುಳಿ. ಉಪ್ಪು ಅರಿಸಿನ ಹುಣಸೆಹುಳಿ ಹಾಕಿ ಮೀನು ಉಜ್ಜಿ ತೊಳೆಯುವ ಅಜ್ಜಿಯರು ಯಾವ ಕಾಲೇಜಿನಲ್ಲೂ ಕಲಿತವರಲ್ಲ, ಆದರೂ ಮಾಡುವ ಕೆಲಸ ಸರಿಯಾದ್ದೇ.

ಆದ್ದರಿಂದ ಕಾಟ್ಲಾಗೆ ತುಪ್ಪದ ಮಸಾಲೆಗಿಂತ ಹುಳಿಸಾರೇ ಒಪ್ಪುತ್ತದೆ. ಗೌರಿಬಿದನೂರು, ಚಿಂತಾಮಣಿ ಸೀಮೆಯ ತೆಲುಗು ಮಾತಿನ ಮನೆಗಳಲ್ಲಿ ಅದೇ ‘ಚೇಪಲ ಪುಲುಸು’. ಕನ್ನಡದ ಹುಳಿ, ತೆಲುಗಿನ ಪುಲುಸು, ಎರಡೂ ಒಂದೇ ಬೇರಿನ ಮಾತು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದು ಆಂಧ್ರಕ್ಕೆ ಇಳಿಯುವ ಉತ್ತರ ಪಿನಾಕಿನಿ ಸುಮಾರು 600 ಕಿಲೋಮೀಟರ್ ಹರಿದು ಕಡಲು ಸೇರುವುದು ಎಲ್ಲಿ? ನೆಲ್ಲೂರು ಜಿಲ್ಲೆಯಲ್ಲಿ. ಚೇಪಲ ಪುಲುಸಿಗೆ ದೇಶಕ್ಕೆಲ್ಲ ಹೆಸರಾದ ನೆಲ್ಲೂರು! ನದಿಯ ಆ ತುದಿಯಲ್ಲಿ ಮಾವಿನಕಾಯಿ ಹಾಕಿ ಕುದಿಸಿ, ರಾತ್ರಿ ಇಟ್ಟು ಬೆಳಿಗ್ಗೆ ತಿನ್ನುತ್ತಾರೆ. ಈ ತುದಿಯಲ್ಲೂ ಅಷ್ಟೇ, ನಿನ್ನೆಯ ಮೀನು ಸಾರಿಗೆ ಇವತ್ತಿನ ಬಿಸಿ ಮುದ್ದೆ ಕಟ್ಟಿದರೆ ಅದರ ಮುಂದೆ ಯಾವ ರೋಸ್ಟು? ಹೋಟೆಲಿನದು ತಿನ್ನಬೇಡಿ ಎಂದಲ್ಲ. ಮನೆಯ ಮಸಾಲೆಗೆ ಬೆಲೆಯೇ ಇಲ್ಲ ಎಂದುಕೊಂಡು ಡಬ್ಬಿಗೆ ಕೈ ಹಾಕಬೇಡಿ ಎಂದಷ್ಟೇ.

ಮಸಾಲೆ ಮುಚ್ಚಲಾರದ್ದು

ಮಸಾಲೆ ಮೀನಿನ ವಾಸನೆ ಮುಚ್ಚೀತು, ನೀರಿನ ತಪ್ಪು ಮುಚ್ಚಲಾರದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಜನ ಕೂಗುತ್ತಲೇ ಬಂದಿದ್ದಾರೆ. ಕೆರೆ ತುಂಬಿದ್ದು ಸಂತೋಷ. ಬೋರ್‌ವೆಲ್ ಬತ್ತಿ ಸೋತಿದ್ದ ರೈತನಿಗೆ ಕೇಳಿ, ಗೊತ್ತಾಗುತ್ತದೆ. ಆದರೆ ಆ ಕೆರೆಗಳ ಮೀನನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿ, ಫಲಿತಾಂಶವನ್ನು ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸುವುದು ದೊಡ್ಡ ಖರ್ಚಿನ ಕೆಲಸವೆ? ಮೀನು ಚೆನ್ನಾಗಿದೆ ಎಂದು ಬಂದರೆ ಬೆಸ್ತರಿಗೂ ಲಾಭ, ಕೊಳ್ಳುವವರಿಗೂ ಧೈರ್ಯ. ಚೆನ್ನಾಗಿಲ್ಲ ಎಂದು ಬಂದರೆ ಗೊತ್ತಾಗಬೇಕಾದ್ದು ತಿನ್ನುವವರಿಗೇ ಮೊದಲು.

ಅಂಗಡಿಯವರ ಕೈಯಲ್ಲೂ ಇದೆ. ಹೆಸರಿಲ್ಲದ, ಲೇಬಲ್ ಇಲ್ಲದ ಬಣ್ಣದ ಪೊಟ್ಟಣ ಮಾರಿ ಸಿಗುವ ಲಾಭ ಎಷ್ಟು? ಕೆಲವು ರೂಪಾಯಿ. ಅದರ ಜಾಗದಲ್ಲಿ ಒಳ್ಳೆಯ ಬ್ಯಾಡಗಿ ಒಂದು ಚೀಲ ತಂದಿಟ್ಟು, ‘ಇದು ಹಾಕಿ ನೋಡಮ್ಮ, ಬಣ್ಣ ತಾನೇ ಬರುತ್ತೆ’ ಅಂದರೆ ಗಿರಾಕಿ ಮುಂದಿನ ವಾರವೂ ಅದೇ ಅಂಗಡಿಗೆ ಬರುತ್ತಾಳೆ. ಹೆದ್ದಾರಿ ಬದಿಯ ಹೋಟೆಲಿನವರೂ ‘ನಮ್ಮಲ್ಲಿ ಬಣ್ಣ ಹಾಕುವುದಿಲ್ಲ’ ಎಂದು ಬೋರ್ಡು ಬರೆಸಲಿ, ಬರೆದಂತೆ ನಡೆಯಲಿ. ಬಸ್ಸಿನವರು ಅಲ್ಲೇ ಇಳಿಯುತ್ತಾರೆ.

ಆಹಾರ ಸುರಕ್ಷತೆ ಅಧಿಕಾರಿಗಳು ಹೋಟೆಲ್ ತಟ್ಟೆಯನ್ನಷ್ಟೇ ಅಲ್ಲ, ದಿನಸಿ ಅಂಗಡಿಯ ಡಬ್ಬಿ ಸಾಲನ್ನೂ ಒಮ್ಮೆ ನೋಡಲಿ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿಗಳಿಗೇನೂ ಕಮ್ಮಿಯಿಲ್ಲ. ಶನಿವಾರ ಸಂಜೆ ಒಂದು ಸುತ್ತು ಹೊಡೆದರೆ ಭಾನುವಾರದ ಊಟ ಉಳಿದೀತು. ಸಂಬಂಧಪಟ್ಟವರು ಗಮನಿಸುವರೆ?