ಚಿಕ್ಕಪಡಸಲಗಿ: ಉಳಿತಾಯಕ್ಕೆ ತಗುಲಿದ ಖರ್ಚು

ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಬ್ಯಾರೇಜ್ ಕಟ್ಟಿಕೊಂಡದ್ದು 1989ರಲ್ಲಿ. ತಗುಲಿದ್ದು ಸುಮಾರು ಒಂದು ಕೋಟಿ ರೂಪಾಯಿ, ಅದೂ ರೈತರದೇ ವಂತಿಗೆ. ಸರ್ಕಾರದ ಬೊಕ್ಕಸದಿಂದ ಬಿಡಿಗಾಸೂ ಬರಲಿಲ್ಲ. ಮುಂದೆ ನಿಂತ ಸಿದ್ದು ನ್ಯಾಮಗೌಡರು ಜನರ ಬಾಯಲ್ಲಿ ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥ ಹೆಗಡೆಯವರನ್ನೇ ಸೋಲಿಸಿ ಕೇಂದ್ರದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರಾದರು. 2018ರ ಮೇ 28ರಂದು ತುಳಸಿಗೇರಿ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಜಮಖಂಡಿಯ ಶಾಸಕರು. ‘ಶ್ರಮಬಿಂದು ಸಾಗರ’ ಎಂದೇ ಹೆಸರಾದ ಈ ಬ್ಯಾರೇಜನ್ನು ಹೊಗಳಿದ್ದು ಸಾಕಷ್ಟಾಯಿತು. ಮೂರೂವರೆ ದಶಕ ದಾಟಿದ ಮೇಲಾದರೂ ಜಮಾ-ಖರ್ಚು ನೋಡಬೇಡವೇ? ನಮ್ಮ ಕೈಯಿಂದಲೇ ಮಾಡಿಕೊಂಡದ್ದರಿಂದ ದುಡ್ಡು ಉಳಿಯಿತೇ?

ಈ ಪ್ರಶ್ನೆಯನ್ನು ಬಲು ನಿಷ್ಠುರವಾಗಿ ಕೇಳಿಕೊಂಡವರು ಅಮೆರಿಕದ ಪಿಸ್ತೂಲು ಹವ್ಯಾಸಿಗಳು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯೇ ಕಾಡತೂಸಿನಲ್ಲಿ ತುಟ್ಟಿಯ ಭಾಗ. ಅದನ್ನು ಹೆಕ್ಕಿ ತಂದು, ಕಿಡಿ ಹೊತ್ತಿಸುವ ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿ ಮನೆಯಲ್ಲೇ ಮತ್ತೆ ತುಂಬುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಲ್ಲಿ ಅದೊಂದು ಮನೆಗೆಲಸ. ಒಂದೊಂದು ಗುಂಡಿನ ಲೆಕ್ಕದಲ್ಲಿ ಉಳಿತಾಯ ನಿಜ. ಆದರೆ ಒತ್ತುಯಂತ್ರ, ಅಚ್ಚು, ತಕ್ಕಡಿಗೆ ಹಾಕಿದ ದುಡ್ಡು ಮರಳಬೇಕಾದರೆ ಸಾವಿರಾರು ಗುಂಡು ಹಾರಿಸಬೇಕು, ಕೂತ ಗಂಟೆಗಳಿಗೆ ಕೂಲಿ ಹಿಡಿಯಬಾರದು. ಕೊನೆಗೆ ಅವರೇ ನಗುತ್ತಾ ಒಪ್ಪುವ ಮಾತು: ಖರ್ಚು ಅಷ್ಟೇ ಇದೆ, ಗುಂಡು ಹಾರಿಸುವುದು ಹೆಚ್ಚಾಗಿದೆ.

ಚಿಕ್ಕಪಡಸಲಗಿಯ ಜಮಾ-ಖರ್ಚೂ ಬಹುಮಟ್ಟಿಗೆ ಇದೇ. ಒಂದು ಕೋಟಿಯ ಅಂಕಿಯಲ್ಲಿ ಮೈಮುರಿದು ದುಡಿದ ದಿನಗಳ ಕೂಲಿ ಇಲ್ಲ, ವಂತಿಗೆಗಾಗಿ ಮಾಡಿದ ಸಾಲದ ಬಡ್ಡಿ ಇಲ್ಲ. ಹೊಳೆಯಿಂದ ಹೊಲಕ್ಕೆ ಮೈಲಿಗಟ್ಟಲೆ ಎಳೆದ ಪೈಪ್‌ಲೈನ್ ಇಲ್ಲ, ಸುಟ್ಟ ಮೋಟರು ಕಟ್ಟಿಸಿದ ಖರ್ಚಿಲ್ಲ. ಇನ್ನೊಂದು ಬಾಬತ್ತನ್ನಂತೂ ಹೇಳಲು ನಮಗೆಲ್ಲ ಮುಜುಗರ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಬ್ಯಾರೇಜಿಗೆ ಬಾರದ ಸರ್ಕಾರದ ದುಡ್ಡು ವರ್ಷ ವರ್ಷವೂ ಹೆಸ್ಕಾಂ ತಂತಿಯ ಮೂಲಕ ಹೊಲಕ್ಕೆ ಬರುತ್ತಲೇ ಇದೆ. ಸ್ವಾವಲಂಬನೆಯ ಭಾಷಣಗಳಲ್ಲಿ ಈ ತಂತಿ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಕಬ್ಬು. ನೀರು ಕೈಗೆ ಸಿಕ್ಕಿತು, ಕಬ್ಬು ಹಬ್ಬಿತು. ಹಿರೇಪಡಸಲಗಿಯಲ್ಲಿ ಜಮಖಂಡಿ ಶುಗರ್ಸ್, ಸಿದ್ದಾಪುರದಲ್ಲಿ ಪ್ರಭುಲಿಂಗೇಶ್ವರ, ಸಮೀರವಾಡಿಯಲ್ಲಿ ಗೋದಾವರಿ, ಮುಧೋಳದಲ್ಲಿ ನಿರಾಣಿ: ಸುತ್ತಮುತ್ತ ನುರಿಸುವ ಗಾಣಗಳಿಗೆ ಬರವಿಲ್ಲ. ಕಬ್ಬಿಗೋ ವರ್ಷವಿಡೀ ನೀರು ಬೇಕು. ಜೋಳ, ಕಡಲೆಯ ಹಾಗೆ ಇಬ್ಬನಿ ಕುಡಿದು ಬೆಳೆಯುವ ಬೆಳೆ ಅದಲ್ಲ. ಹೀಗೆ ಒಂದು ಬೇಸಿಗೆ ದಾಟಿಸಲು ತಡೆದ ನೀರು ಬೇಸಿಗೆ ಮುಗಿಯುವ ಮೊದಲೇ ತಳ ಕಾಣತೊಡಗಿತು. ಆಗ ಕೊಯ್ನಾದಿಂದ ನೀರು ಬಿಡಿಸಿ ಎಂದು ಮಹಾರಾಷ್ಟ್ರದ ಕಡೆ ಕೈ ಚಾಚುವುದು. ಅದೂ ಬಾರದಿದ್ದರೆ ಬ್ಯಾರೇಜಿನ ಕೆಳಗೆ ನಿಂತ ಆಲಮಟ್ಟಿ ಹಿನ್ನೀರನ್ನು ಪಂಪ್ ಹಚ್ಚಿ ಮೇಲಕ್ಕೆ ಎತ್ತಿ ಬ್ಯಾರೇಜ್ ತುಂಬಿಸುವುದು. ಕೆಳಗೆ ಹರಿದುಹೋದ ಹೊಳೆಯನ್ನು ಮತ್ತೆ ಮೇಲಕ್ಕೆ ಹತ್ತಿಸುವ ಇಂಥ ಛಲ ನಮ್ಮವರಿಗಲ್ಲದೆ ಯಾರಿಗಿದೆ ಎಂದು ಹೆಮ್ಮೆಪಡಬಹುದು. ಹಾಗೆ ಎತ್ತಿದ ನೀರು ಅಗ್ಗ ಎನ್ನುವಂತಿಲ್ಲ.

ಹಾಗಾದರೆ ಕಟ್ಟಿದ್ದೇ ದಂಡವೇ? ಖಂಡಿತ ಅಲ್ಲ. ಜಮಖಂಡಿಯ ಹೊಳೆಸಾಲಿಗೆ ಉಳಿದದ್ದು ವರ್ಷಗಳು. ವಿಧಾನಸೌಧದ ಕಡತ ಮೇಜಿನಿಂದ ಮೇಜಿಗೆ ಸರಿಯುವಷ್ಟರಲ್ಲಿ ಇಲ್ಲಿ ಎಷ್ಟೋ ಸುಗ್ಗಿ ಮುಗಿದಿದ್ದವು, ಎಷ್ಟೋ ಮನೆಗಳು ಗುಳೆ ಹೋಗುವುದು ತಪ್ಪಿತ್ತು. ಜಿಲ್ಲೆಯಲ್ಲೇ ನೋಡಿ: ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಪರಿಹಾರದ ಮಾತು ಇನ್ನೂ ಮುಗಿದಿಲ್ಲ. ಮುಳುಗಡೆಯ ಊರುಗಳು ಮನೆ ಕಟ್ಟಲೂ ಆಗದೆ, ಬಿಡಲೂ ಆಗದೆ ಕೂತಿವೆ. ಈ ಕಾಯುವಿಕೆಗೆ ಬೆಲೆ ಕಟ್ಟಿದರೆ 1989ರ ಒಂದು ಕೋಟಿ ತೀರಾ ಅಗ್ಗದ ಸರಕು.

ಆಗ ಆದ ಲಾಭವನ್ನು ಈಗ ಕಬ್ಬು ತಿನ್ನುತ್ತಿದೆ. ಹನಿ ನೀರಾವರಿಗೆ ಸಹಾಯಧನ ಇದೆ. ಆದರೆ ಕರೆಂಟಿಗೂ ನೀರಿಗೂ ಬೆಲೆಯಿಲ್ಲದಲ್ಲಿ ಹನಿ ಎಣಿಸುವವರು ಯಾರು? ಕಾರ್ಖಾನೆಗೆ ನುರಿಸಲು ಕಬ್ಬು ಬೇಕು, ಶಾಸಕರಿಗೆ ಮತ ಬೇಕು. ಕಬ್ಬು ಕಡಿಮೆ ಹಚ್ಚಿ ಎಂದು ಅವರಿಬ್ಬರೂ ಹೇಳಲಾರರು. ಹೇಳುವ ಅಧಿಕಾರವಿರುವುದು ಅಂದು ವಂತಿಗೆ ಎತ್ತಿದ ಕೃಷ್ಣಾ ತೀರ ರೈತ ಸಂಘಕ್ಕೆ. ಯಾರಿಂದ ಎಷ್ಟು ಹಣ ಎಂದು ತೀರ್ಮಾನಿಸಿದ ಸಂಘವೇ ಯಾರ ಹೊಲಕ್ಕೆ ಎಷ್ಟು ಎಕರೆ ಕಬ್ಬು, ಯಾವ ತಿಂಗಳ ನಂತರ ಪಂಪ್ ಬಂದ್ ಎಂಬುದನ್ನೂ ಊರ ಮುಂದೆ ಕೂತು ಬರೆದಿಡಬೇಕು. ಮುಂದಿನ ಮಳೆಗಾಲ ಮುಗಿದು ಗೇಟು ಇಳಿಸುವ ಮೊದಲೇ ಆ ಸಭೆ ಸೇರಲಿ.